ಐದು ಜೊಳ್ಳು, ಒಂದು ಗಟ್ಟಿ

ಟೈಮರಿಗೆ ಕಿವಿ ಮಾತ್ರ ಇದೆ, ಕಣ್ಣಿಲ್ಲ.
ಅದಕ್ಕೆ ಗೊತ್ತಾಗುವುದು ಮೊದಲ ಢಮ್, ಕೊನೆಯ ಢಮ್,
ನಡುವೆ ಎಲ್ಲೋ ಒಂದು ಕಡೆ
ಸದ್ದು ಸತ್ತ ಎರಡೂವರೆ ಸೆಕೆಂಡು.
ರಿವಾಲ್ವರಿನವರ ಪಾಪಪುಣ್ಯವೆಲ್ಲ ಅಲ್ಲೇ.

ಹನ್ನೊಂದು ವರ್ಷದಿಂದ ಆ ಮೌನಗಳನ್ನು
ಹಾಳೆಯಲ್ಲಿ ಬರೆದಿಡುತ್ತಿರುವವನು ನಾನು,
ನೆಬ್ರಾಸ್ಕದ ನಾರ್ತ್ ಪ್ಲಾಟಿನ ಊರಾಚೆ
ಜಲ್ಲಿ ತೆಗೆದು ಬಿಟ್ಟುಹೋದ ಹಳ್ಳದಲ್ಲಿ,
ತಿಂಗಳ ಎರಡನೇ ಶನಿವಾರ.

ಆರ್ಡಿತ್ ಕೋಲ್ಟರ್ಮನ್‌ಗೆ ಅರವತ್ತನಾಲ್ಕು.
ಹೈಸ್ಕೂಲಿನ ಮಕ್ಕಳಿಗೆ ಮಧ್ಯಾಹ್ನ ಊಟ ಬಡಿಸಿ ರಿಟೈರಾದವಳು.
ಇದನ್ನು ಕಲಿತದ್ದು ಮಲಗುವ ಕೋಣೆಯಲ್ಲಿ, ಅವಳೇ ಹೇಳಿದ್ದು:
ಮದ್ದಿಲ್ಲದ ಗುಂಡು, ಹಾಸಿಗೆಯ ಮೇಲೆ ಚಾಚಿದ ಕೈ,
ಬಿದ್ದರೆ ಕಂಬಳಿಗೆ ಬೀಳಲಿ, ನೆಲದ ಹಲಗೆ ಉಳಿಯಲಿ ಅಂತ.
ಬೀಳುತ್ತಿದ್ದದ್ದು ಗಂಡ ಓರ್ಲಿನ್‌ನ ಮಗ್ಗುಲಿಗೆ.
ರೈಲ್ವೆ ಯಾರ್ಡಿನ ರಾತ್ರಿಪಾಳಿ ಮುಗಿಸಿ
ಬೆಳಕು ಹರಿಯುವಾಗ ಬಂದು ಒರಗಿದರೆ
ಬೆನ್ನಿಗೊಂದು ತಣ್ಣನೆಯ ಹಿತ್ತಾಳೆ.
'ಇನ್ನೂ ಒಂದು ಇತ್ತು' ಎಂದು ಗೊಣಗಿ
ದಿಂಬಿನಡಿಗೆ ತಳ್ಳಿ ನಿದ್ದೆ.

ಅವಳು ಮಾಡುವುದು ಹೀಗೆ:
ಗುಂಡು ಮುಗಿದ ಕ್ಷಣ ಬಲಗೈ ಹಿಡಿತ ಬಿಡುತ್ತದೆ,
ರಿವಾಲ್ವರು ಎಡಗೈಯ ಪಾಲು.
ನಡುಬೆರಳೆರಡು ಚೌಕಟ್ಟಿನೊಳಗೆ ನುಗ್ಗಿ
ಸಿಲಿಂಡರನ್ನು ಆಚೆ ದಬ್ಬುತ್ತವೆ.
ಮೂತಿ ಮೇಲಕ್ಕೆ. ಸರಳಿನ ತಲೆಗೆ ಅಂಗೈಯಿಂದ ಒಂದೇ ಏಟು,
ತಳದಲ್ಲಿ ಹೆಪ್ಪುಗಟ್ಟಿದ ಕೆಚಪ್ ಬಾಟಲಿಗೆ ಕೊಟ್ಟ ಹಾಗೆ.
ತೆಳ್ಳನೆಯ ಉಕ್ಕಿನ ಚಂದ್ರನಿಗೆ ಕಚ್ಚಿಕೊಂಡೇ
ಆರೂ ಖಾಲಿ ತೊಟ್ಟೆ ಒಟ್ಟಿಗೆ ಉದುರುತ್ತವೆ.
ಏಟು ಕೊಟ್ಟ ಕೈ ಅದೇ ಇಳಿತದಲ್ಲಿ ಸೊಂಟಕ್ಕಿಳಿದು
ಇನ್ನೊಂದು ತುಂಬುಚಂದ್ರನನ್ನು ತರುತ್ತದೆ.
ಅಷ್ಟರಲ್ಲಿ ಮೂತಿ ನೆಲಕ್ಕೆ.
ತುರುಕಬಾರದು, ಅನ್ನುತ್ತಾಳೆ.
ತೂತಿನ ಬಾಯಿಗೆ ತೋರಿಸಿ ಕೈಬಿಡಬೇಕು,
ಮಿಕ್ಕದ್ದನ್ನು ಭೂಮಿ ಎಳೆದುಕೊಳ್ಳುತ್ತದೆ.
ಅವಸರದ ಬೆರಳು ಹೊಸ್ತಿಲಲ್ಲೇ ಎಡವುತ್ತದೆ.
ಕಟಕ್.

ಅಕ್ಟೋಬರಿನ ಪಂದ್ಯ. ತಲೆಯ ಮೇಲೆ ಟೋಪಿ ನಿಲ್ಲದ ಗಾಳಿ.
ಹಲಗೆಗೋಡೆಗೆ ಎರಡು ಕಿಟಕಿ, ನಡುವೆ ಎಂಟು ಹೆಜ್ಜೆ.
ಎಡಗಡೆ ಐದು ಕಬ್ಬಿಣದ ತಟ್ಟೆ, ಬಲಗಡೆ ಆರು.
ಮುಂಚೆ ಬಂದ ಮೂವರೂ ಐದು ಕೆಡವಿ, ಓಡಿ,
ಉಳಿದೊಂದನ್ನು ಆ ಕಿಟಕಿಯಲ್ಲಿ ಹೊಡೆದು
ಅಲ್ಲಿ ನಿಂತರು.
ನಿಂತು ತುಂಬಿಸಿದರು.
ಐದು ತಟ್ಟೆ ಸುಮ್ಮನೆ ಅವರನ್ನೇ ನೋಡುತ್ತಿದ್ದವು.

ಆರಕ್ಕೇರಲಿಲ್ಲ ಆರ್ಡಿತ್.
ಐದನೆಯ ತಟ್ಟೆ ಇನ್ನೂ ಬೀಳುತ್ತಿರುವಾಗಲೇ
ಸಿಲಿಂಡರು ತೆರೆದಿತ್ತು, ಕಾಲು ಹೊರಟಿತ್ತು.
ಹಿಂದಿನಿಂದ ಯಾರೋ, 'ಅಯ್ಯೋ, ಎಣಿಕೆ ತಪ್ಪಿದಳು!'
ಟೈಮರಿಗೆ ಏನೂ ತಿಳಿಯಲಿಲ್ಲ.
ಅವಳ ಮೌನ ನಡಿಗೆಯೊಳಗೇ ಹೂತುಹೋಗಿತ್ತು.
ನಾನು ಮಾತ್ರ ನೋಡಿದೆ,
ನಾಲ್ಕನೆಯ ಹೆಜ್ಜೆಗೆ ಕಟಕ್,
ಎಂಟನೆಯದಕ್ಕೆ ಕಿಟಕಿ.
ಆರು ಗುಂಡು, ಆರು ತಟ್ಟೆ.

ನನಗೂ ಗೊತ್ತಿದ್ದ ಲೆಕ್ಕವೇ ಇದು.
ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ.
ಆದರೆ ನನ್ನ ಕೈ ಒಮ್ಮೆಯೂ ಒಪ್ಪಿದ್ದಿಲ್ಲ.
ಒಂದು ಉಳಿದಿದೆ ಅಂದರೆ ಅದನ್ನೂ ಹೊಡೆದೇ ತೀರಬೇಕು,
ನಮ್ಮಮ್ಮ ಟೂತ್‌ಪೇಸ್ಟಿನ ಟ್ಯೂಬನ್ನು
ಕತ್ತರಿಯಲ್ಲಿ ಸೀಳಿ ಬಳಸಿದಂತೆ.

ಖಾಲಿ ತೊಟ್ಟೆ ಹೆಕ್ಕುವ ಹೊತ್ತು.
ತಾತನ ರಿವಾಲ್ವರು ಹಿಡಿದು ಮೊದಲ ಸಲ ಬಂದ
ಡ್ಯಾರೆಲ್ ವೋಬೋರಿಲ್ ಎಂಬ ಹುಡುಗ
ಜಲ್ಲಿಯಿಂದ ಅವಳ ಚಂದ್ರನನ್ನು ಎತ್ತಿ ಕೂಗಿದ:
'ಇನ್ನೂ ಒಂದು ಇತ್ತು!'

'ಇತ್ತಲ್ಲ,' ಅಂದಳು, ಕೈಯ ಮಸಿ ಪ್ಯಾಂಟಿಗೆ ಒರೆಸಿಕೊಳ್ಳುತ್ತ.
'ಅದಕ್ಕೇ ಬಿಟ್ಟೆ.'

ಅವನಿಗೆ ಅರ್ಥವಾದಂತೆ ಕಾಣಲಿಲ್ಲ.
ಸುಟ್ಟ ಐದು ಜೊಳ್ಳು, ಸುಡದ ಒಂದು ಗಟ್ಟಿ,
ಅವನ ಅಂಗೈಯಲ್ಲಿ ಆ ಚಂದ್ರ
ಭಾರ ಇದ್ದ ಕಡೆಗೆ ವಾಲಿಕೊಂಡು ಕೂತಿತ್ತು.
ನಾನು ಒಂಬತ್ತು ಪಾಯಿಂಟ್ ಎಂಟು ನಾಲ್ಕು ಎಂದು ಬರೆದು
ಮುಂದಿನವರ ಹೆಸರು ಕೂಗಿದೆ.